ಫೋಟೋಗೆ ಬೇಕಾದ ಎಲೆಗಳು

ಕಣ್ಣು ಮಂಜಾದ ಅಜ್ಜಿಯೊಬ್ಬರು ಒದ್ದೆ ಎಲೆಗಳ ಮೇಲೆ ಜಾರಿ ಬಿದ್ದರೆಂದು, ನಾಲ್ಕನೇ ತರಗತಿಯ ಶಾಲಾ ನಾಯಕಿ ತನ್ನ ಪುಟ್ಟ ಮಂತ್ರಿಮಂಡಲವನ್ನು ಕಟ್ಟಿಕೊಂಡು ನಿನ್ನೆ ಬಸ್ ನಿಲ್ದಾಣವನ್ನೆಲ್ಲ ಗುಡಿಸಿದ್ದಳು. ಇಂದು ಹೆಡ್‌ಮಾಸ್ಟರು ಸ್ವಚ್ಛತಾ ಕಾರ್ಯಕ್ರಮಕ್ಕೆಂದು ಅದೇ ಎಲೆಗಳ ಮೂಟೆ ಬಿಚ್ಚಿಸಿ ಅಲ್ಲೇ ಸುರಿಸಿದರು.

"ಸೇವೆ ಅಂದ್ಮೇಲೆ ಫೋಟೋದಲ್ಲಿ ಕಾಣಬೇಕಲ್ಲಮ್ಮ. ಅತಿಥಿಗಳು ಬಂದು ಪೊರಕೆ ಹಿಡಿಯೋವರೆಗೂ ಯಾರೂ ಮುಟ್ಟಬೇಡಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅತಿಥಿಗಳ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ಅಜ್ಜಿ ಕೋಲೂರುತ್ತ ರಸ್ತೆ ದಾಟಿ ಬರುವುದು ಕಾಣಿಸಿತು. ನಾಯಕಿ ಪೊರಕೆ ಎತ್ತಿಕೊಂಡಳು. ಮಂತ್ರಿಗಳೂ ಟೊಂಕ ಕಟ್ಟಿದರು.

"ಏ ನಾಯಕಿ, ನಿನ್ನ ಬ್ಯಾಡ್ಜ್ ಕಿತ್ಕೋತೀನಿ ನೋಡು," ಎಂದು ಹೆಡ್‌ಮಾಸ್ಟರು ಗದರಿದರು.

ಅವಳೇ ಬ್ಯಾಡ್ಜ್ ಬಿಚ್ಚಿ ಅವರ ಕೈಗಿಟ್ಟಳು.

"ತಗೊಳ್ಳಿ ಸರ್. ಹಾಗೇ ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ನಿಮ್ಮ ಕಾಲ ಕೆಳಗೂ ಗುಡಿಸಬೇಕು."