ನಲ್ಲಿ ನೀರು, ಎರಡು ಚಮಚ ಉಪ್ಪು

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ರಾತ್ರಿಯಾಗುತ್ತದೆ. ಕಿಟಕಿಗೆ ಎರಡು ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಹಳೇ ಟವೆಲ್ ತುರುಕಿರುತ್ತೇನೆ. ನಾನು ಸಾಕಿದ್ದ ಕ್ಲೌನ್ ಎಂಬ ಸಮುದ್ರದ ಮೀನಿನ ಮೊಟ್ಟೆ ಒಡೆಯುವುದು ಕತ್ತಲಾದ ಮೇಲೆಯೇ. ನಿಜವಾದ ರಾತ್ರಿಯಲ್ಲಿ ಎದ್ದು ಕೂತರೆ ಬೆಳಿಗ್ಗೆ ಶಾಲೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವರು ಯಾರು, ನನ್ನ ಗಂಡನೇ? ಅದಕ್ಕೇ ಮೀನುಗಳ ಹಗಲನ್ನೇ ಹಿಂದಕ್ಕೆ ಸರಿಸಿಟ್ಟಿದ್ದೇನೆ. ದೀಪ ಬೆಳಗಿನ ಜಾವ ತಾನಾಗಿ ಹೊತ್ತಿಕೊಂಡು ಮಧ್ಯಾಹ್ನ ಮೂರಕ್ಕೆ ಆರುತ್ತದೆ. ಈ ಮನೆಯಲ್ಲಿ ನಾನು ಹೇಳಿದ ಹೊತ್ತಿಗೆ ಮಲಗಿ, ಹೇಳಿದ ಹೊತ್ತಿಗೆ ಏಳುತ್ತಿದ್ದುದು ಆ ಎರಡು ಮೀನುಗಳು ಮಾತ್ರ.

ಆರು ವರ್ಷದ ಹಿಂದೆ ಉಗುರಿನಷ್ಟಿದ್ದಾಗ ತಂದಿದ್ದೆ. ಹೆಣ್ಣು ನನ್ನ ಬೆರಳುದ್ದ ಬೆಳೆದು ಟ್ಯಾಂಕಿನಲ್ಲಿ ದರ್ಬಾರು ನಡೆಸುತ್ತಿತ್ತು, ಗಂಡು ಅದರ ಅರ್ಧ. ಮೊಟ್ಟೆ ಇಡುವುದಷ್ಟೇ ಹೆಣ್ಣಿನ ಕೆಲಸ. ಆಮೇಲೆ ಕಾವಲು ಕೂರುವುದು, ರೆಕ್ಕೆ ಬೀಸಿ ಮೊಟ್ಟೆಗಳ ಮೇಲೆ ನೀರಾಡಿಸುವುದು, ಕೆಟ್ಟದ್ದನ್ನು ಆರಿಸಿ ತೆಗೆಯುವುದು, ಎಲ್ಲವೂ ಗಂಡಿನದೇ. ಇದನ್ನು ಕೇಳಿದ ದಿನ ನನ್ನ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಅತ್ತಿಗೆ, ನಮ್ಮಣ್ಣನ್ನ ಒಂದು ವಾರ ಆ ಗಂಡಿನ ಹತ್ರ ಟ್ರೈನಿಂಗಿಗೆ ಬಿಡಿ" ಅಂದಿದ್ದಳು.

ಮೂರು ಸಲ ಮರಿಗಳಾಗಿ ಮೂರು ಸಲವೂ ಸತ್ತವು. ಹುಟ್ಟಿದ ಮರಿ ರೆಪ್ಪೆಯ ಕೂದಲಷ್ಟಿರುತ್ತದೆ. ಅದರ ಬಾಯಿಗೆ ಹಿಡಿಸುವುದು ರೋಟಿಫರ್ ಎಂಬ ಧೂಳಿನಂಥ ಜೀವಿ ಒಂದೇ. ಆ ಜೀವಿ ಬದುಕುವುದು ಪಾಚಿ ಬೆಳೆಸಿದ ಹಸಿರು ನೀರಿನಲ್ಲಿ. ಹಿಂದಿನ ಸಲ ಮೂರನೇ ದಿನಕ್ಕೆ ಅದು ಮುಗಿದುಹೋಗಿ, ಮರಿಗಳು ಹಸಿವಿನಿಂದ ಒಂದೊಂದಾಗಿ ತಳ ಸೇರಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಈ ಸಲ ಎರಡು ತಿಂಗಳು ಮೊದಲೇ ನಾಲ್ಕು ಬಕೆಟ್ ತುಂಬ ಬೆಳೆಸಿಟ್ಟುಕೊಂಡು ಕಾದಿದ್ದೆ. ಈ ಸಲ ಉಳಿಸಿಯೇ ತೀರುತ್ತೇನೆ ಎಂಬ ಹಟ ನನ್ನದು.

ಆ ಶನಿವಾರ ಮೊಟ್ಟೆ ಇಟ್ಟ ಒಂಬತ್ತನೇ ದಿನ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಬಗ್ಗಿ ನೋಡಿದೆ. ಟ್ಯಾಂಕಿನೊಳಗಿನ ಮಣ್ಣಿನ ಕುಂಡಕ್ಕೆ ಅಂಟಿದ್ದ ಮೊಟ್ಟೆಗಳೊಳಗೆ ಕಣ್ಣುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಹಾಗಾದರೆ ಇವತ್ತೇ ಒಡೆಯುತ್ತವೆ.

ಹನ್ನೆರಡೂವರೆಗೆ ಮನೆಗೆ ಬಂದೆ. ಕೋಣೆಯ ಬಾಗಿಲು ತೆರೆದರೆ ಸದ್ದೇ ಇಲ್ಲ. ಗಾಳಿಯ ಪಂಪ್ ಇಲ್ಲ, ಬಕೆಟ್ಟುಗಳಲ್ಲಿ ಗುಳ್ಳೆ ಇಲ್ಲ, ಟ್ಯಾಂಕಿನಲ್ಲಿ ಮೀನಿಲ್ಲ. ಕುಂಡ ಮಾತ್ರ ಇತ್ತು, ಮೊಟ್ಟೆಗಳು ಅಲ್ಲಾಡದೆ ನಿಂತಿದ್ದವು.

"ರೀ, ಮೀನೆಲ್ಲಿ?"

ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ. "ನಮ್ಮ ಮ್ಯಾನೇಜರ್ ಸಾಹೇಬ್ರ ಮಗಳ ಹುಟ್ಟುಹಬ್ಬ ಕಣೇ. ಹತ್ತು ಗಂಟೆಗೆ ಹೋಗಿ ಕೊಟ್ಟುಬಂದೆ. ಆ ಗುಳ್ಳೆ ಮಿಷನ್ನೂ ಕೊಟ್ಟೆ, ಬರೀ ಮೀನು ಕೊಟ್ರೆ ಚೆನ್ನಾಗಿರಲ್ಲ ನೋಡು."

"ಕೊಟ್ಟುಬಂದ್ರಾ?"

"ಸೋಮವಾರ ಹೊಸ ಸೂಪರ್‌ವೈಸರ್ ಯಾರು ಅಂತ ಹೇಳ್ತಾರೆ. ನಾನೊಬ್ಬ ಇದ್ದೀನಿ ಅಂತ ಅವರಿಗೂ ನೆನಪಾಗ್ಬೇಕಲ್ಲ. ಮೊಟ್ಟೆ ನಿನಗೇ ಬಿಟ್ಟಿದ್ದೀನಿ. ಎರಡು ಹೋದ್ರೆ ಇನ್ನೂರು ಬರುತ್ತೆ, ನಿನಗೇನು ನಷ್ಟ?"

ಪಿತ್ತ ನೆತ್ತಿಗೇರಿತು. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆ ಕಟ್ಟಿದವರು ಈ ಮನುಷ್ಯನನ್ನು ಎಲ್ಲೋ ನೋಡಿರಬೇಕು. ತನ್ನ ವಾಚು ಕೊಡಬಹುದಿತ್ತು. ತನ್ನ ಸ್ಕೂಟರ್ ಕೊಡಬಹುದಿತ್ತು. ಬೆಣ್ಣೆ ಹಚ್ಚುವುದು ಇವರು, ಬೆಣ್ಣೆ ನನ್ನದು.

ಜಗಳಕ್ಕೆ ಹೊತ್ತಿರಲಿಲ್ಲ. ರೆಕ್ಕೆ ಬೀಸುವವನು ಹೋಗಿ ಎರಡೂವರೆ ಗಂಟೆಯಾಗಿತ್ತು, ಇನ್ನೂ ತಡವಾದರೆ ಮೊಟ್ಟೆಯೊಳಗೇ ಉಸಿರುಕಟ್ಟುತ್ತದೆ. ಪೇಪರ್ ಕಿತ್ತುಕೊಂಡು ಅವರನ್ನು ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದೆ. ಕುಂಡವನ್ನು ಮರಿಗಳಿಗೆಂದು ಸಿದ್ಧ ಮಾಡಿದ್ದ ಸಣ್ಣ ಟ್ಯಾಂಕಿಗಿಳಿಸಿ, ಅವರ ಕೈಗೆ ಪ್ಲಾಸ್ಟಿಕ್ ಸೌಟು ಕೊಟ್ಟೆ.

"ನೀರೊಳಗೆ ಮೆಲ್ಲಗೆ ಬೀಸ್ತಾ ಇರಿ, ಮೊಟ್ಟೆಗೆ ತಾಗಬಾರದು. ನಾನು ಬರೋವರೆಗೆ ಕೈ ನಿಂತರೆ ನಾನು ಮನುಷ್ಯಳಲ್ಲ."

"ಊಟ?"

ನಾನು ನೋಡಿದ ನೋಟಕ್ಕೆ ಸುಮ್ಮನೆ ಬೀಸತೊಡಗಿದರು.

ಮುಚ್ಚಳದ ಬಕೆಟ್ಟಿನಲ್ಲಿ ಟ್ಯಾಂಕಿನ ನೀರು ತುಂಬಿಕೊಂಡು ಮೂರು ಬೀದಿ ನಡೆದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಮ್ಯಾನೇಜರ ಹೆಂಡತಿ ಬಾಗಿಲು ತೆರೆದರು. ಪಾಪ, ಕೈಯೆಲ್ಲ ಹಿಟ್ಟು. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಸಣ್ಣಗಾಯಿತು.

"ಬನ್ನಿ, ನಾನೇ ಫೋನ್ ಮಾಡಿಸೋಣ ಅಂತಿದ್ದೆ. ಅವು ಯಾಕೋ ಆಡ್ತಾ ಇಲ್ಲ."

ಊಟದ ಮೇಜಿನ ಮೇಲೆ ದುಂಡನೆಯ ಗಾಜಿನ ಬಟ್ಟಲು. ತಳದಲ್ಲಿ ಬಣ್ಣದ ಕಲ್ಲು. ನನ್ನ ಹೆಣ್ಣು ಮೀನು ಮಗ್ಗುಲಾಗಿ ಮೇಲೆ ತೇಲುತ್ತಿತ್ತು, ಕಣ್ಣು ಮಂಜಾಗಿತ್ತು. ಗಂಡು ಕಲ್ಲುಗಳ ನಡುವೆ ಬಿದ್ದು ಆಗೊಮ್ಮೆ ಈಗೊಮ್ಮೆ ಕಿವಿರು ತೆರೆಯುತ್ತಿತ್ತು. ಪಕ್ಕದಲ್ಲಿ ನನ್ನ ಪಂಪ್, ಪ್ಲಗ್ಗಿಗೂ ಹಾಕಿರಲಿಲ್ಲ. ನೀರಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡೆ. ಸಮುದ್ರದ ನೀರಿನ ರುಚಿ ಅದರಲ್ಲಿ ಎಲ್ಲಿ ಬರಬೇಕು? ಸಪ್ಪೆ ಸಾರಿನಷ್ಟೂ ಉಪ್ಪಿರಲಿಲ್ಲ.

"ಯಾವ ನೀರಮ್ಮ ಇದು?"

"ನಲ್ಲಿದು. ನಿಮ್ಮ ಯಜಮಾನ್ರೇ ಹೇಳಿದ್ರಲ್ಲ, ನಲ್ಲಿ ನೀರಿಗೆ ಎರಡು ಚಮಚ ಅಡುಗೆ ಉಪ್ಪು ಹಾಕಿದ್ರೆ ಸಾಕು ಅಂತ. ಅವರೇ ಕಲಕಿಕೊಟ್ರು."

ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ವ್ಯರ್ಥವಾಯಿತು. ಇವರಿಗೆ ಏನೆಂದು ಬೈಯಲಿ?

"ತಪ್ಪು ತಿಳ್ಕೋಬೇಡಿ, ನಾವು ಕೇಳಿರ್ಲಿಲ್ಲ" ಎಂದರು ಆಕೆ, ತಗ್ಗಿದ ದನಿಯಲ್ಲಿ. "ನಮ್ಮ ಹುಡುಗಿಗೆ ಮೀನು ಕಂಡ್ರೆ ಭಯ. ಕೋಣೆಯಿಂದ ಈಚೆ ಬಂದಿಲ್ಲ."

ಎರಡನ್ನೂ ಬಕೆಟ್ಟಿಗೆ ಹಾಕಿಕೊಂಡು, ಪಂಪ್ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೆ. ಸೈಕಲ್ ಅಂಗಡಿಯ ಹತ್ತಿರ ಮುಚ್ಚಳ ತೆಗೆದು ನೋಡಿದೆ. ಗಂಡಿನ ಕಿವಿರು ನಿಂತಿತ್ತು. ಪಂಕ್ಚರ್ ಹಾಕುವವನು ನೋಡುತ್ತಿದ್ದಾನೆಂಬುದನ್ನೂ ಮರೆತು ರಸ್ತೆ ಬದಿಯಲ್ಲೇ ಅತ್ತೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು, ಹಲ್ಲು ಕಚ್ಚಿಕೊಂಡು ಅತ್ತೆ.

ಮನೆಗೆ ಬಂದಾಗ ಎರಡು ಗಂಟೆ. ಸುಳ್ಳು ಹೇಳಬಾರದು, ಗಂಡ ಇದ್ದ ಜಾಗದಲ್ಲೇ ಇದ್ದರು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ, ಬೆರಳು ಸುಕ್ಕು. "ಹತ್ತಿಪ್ಪತ್ತು ಬೆಳ್ಳಗಾದ್ವು ಕಣೇ. ಉಳಿದವು ಒಳಗೇ ಮಿಸುಕಾಡ್ತಿವೆ, ನೋಡು ನೋಡು" ಎಂದರು. ನನ್ನ ಸಿಟ್ಟು ಒಂದು ಎಳೆ ಸಡಿಲವಾಯಿತು. ಬಕೆಟ್ಟನ್ನು ಬಚ್ಚಲಲ್ಲಿಟ್ಟು ಬಂದು, ಪಂಪ್ ಜೋಡಿಸಿ, ಗುಳ್ಳೆ ಬಿಡುವ ಕಲ್ಲನ್ನು ಕುಂಡದ ಮಗ್ಗುಲಿಗೆ ಇಳಿಸಿದೆ. ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾಯುತ್ತಲೇ ಇದ್ದೆ. ಕೇಳಲಿಲ್ಲ. ಎದ್ದು ಹೋಗಿ ಊಟ ಮಾಡಿ ಬಂದರು.

ಮೂರಕ್ಕೆ ಕತ್ತಲಾಯಿತು. ಇಬ್ಬರೂ ನೆಲದ ಮೇಲೆ ಕೂತಿದ್ದೆವು. ನಾಲ್ಕೂಕಾಲಿಗೆ ಸಣ್ಣ ಟಾರ್ಚನ್ನು ಗಾಜಿನ ಒಂದು ಮೂಲೆಗೆ ಹಿಡಿದರೆ, ಬೆಳಕಿನತ್ತ ಸಣ್ಣ ಸಣ್ಣ ಗೆರೆಗಳು ಈಜಿ ಬಂದವು. ಹತ್ತು, ಐವತ್ತು, ಆಮೇಲೆ ಎಣಿಸಲಾಗದಷ್ಟು. "ಅಬ್ಬಬ್ಬಾ" ಎಂದರು ಗಂಡ. ಅಳಿದುಳಿದ ಮೊಟ್ಟೆಗಳೂ ಒಡೆಯಲೆಂದು ಟಾರ್ಚ್ ಆರಿಸಿದೆ.

ಕತ್ತಲಲ್ಲಿ ಅವರ ದನಿ ಬಂತು. "ಮಿಷನ್ ವಾಪಸ್ ತಂದೆಯಲ್ಲ, ಅಮ್ಮಾವ್ರು ಏನಾದ್ರೂ ಬೇಜಾರು ಮಾಡ್ಕೊಂಡ್ರಾ?"

ನಾನು ಪಂಪಿನ ಕೊಳವೆಯನ್ನು ತಡವಿ ನೋಡಿದೆ.

"ಹೋಗ್ಲಿ ಬಿಡು. ಇವು ಸ್ವಲ್ಪ ದೊಡ್ಡವಾಗ್ಲಿ. ನಾಲ್ಕು ಒಳ್ಳೇವು ಆರಿಸಿ ತಗೊಂಡ್ಹೋಗಿ ಸರಿಮಾಡ್ತೀನಿ."

"ಆ ಎರಡು ಏನಾದ್ವು ಅಂತ ಕೇಳ್ಲಿಲ್ಲ ನೀವು."

"ಏನಾದ್ವು?"

"ಸತ್ತವು. ನೀವು ಕಲಕಿಕೊಟ್ಟ ಉಪ್ಪುನೀರಲ್ಲಿ."

"ನನಗೇನು ಗೊತ್ತಿತ್ತು? ನೀನು ಹೇಳ್ಬೇಕಿತ್ತು."

ಆರು ವರ್ಷ. ಸಮುದ್ರದ ಉಪ್ಪಿನ ಪುಡಿ ತೂಗಿ, ಡ್ರಮ್ಮಿನಲ್ಲಿ ರಾತ್ರಿಯಿಡೀ ಕಲಕಿಸಿ, ಮಾಪಕ ಹಿಡಿದು ನೋಡುತ್ತಿದ್ದುದು ಇದೇ ಮನೆಯ ಬಚ್ಚಲಲ್ಲಿ. ಆ ಡ್ರಮ್ಮನ್ನು ದಿನಾ ದಾಟಿಕೊಂಡು ಹೋಗಿ ಸ್ನಾನ ಮಾಡಿದವರು ಇವರು. ಅದರಲ್ಲೇನಿದೆ ಎಂದು ಒಂದು ದಿನ ಕೇಳಿದವರಲ್ಲ.

"ತಪ್ಪಾಯ್ತಪ್ಪ, ಆಯ್ತಾ? ಅದಕ್ಕೇ ಒಂದೂವರೆ ಗಂಟೆ ನಿಂತು ಬೀಸ್ಲಿಲ್ವಾ? ಸೊಂಟ ಬಿದ್ದುಹೋಯ್ತು."

"ಆ ಗಂಡು ಒಂಬತ್ತು ದಿನ ಬೀಸ್ತು ರೀ. ಕೊನೇಗೆ ಮರಿ ನೋಡೋಕೆ ನೀವು ಬಿಡ್ಲಿಲ್ಲ. ಎದ್ದು ಆಚೆ ಹೋಗಿ."

ಹೋದರು. ನಾನು ಕತ್ತಲಲ್ಲೇ ಹಸಿರು ನೀರು ಸುರಿದು, ಬಕೆಟ್ಟಿನಿಂದ ರೋಟಿಫರ್ ಸೋಸಿ ಮರಿಗಳಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಅಂಗಡಿಯಿಂದ ಚಿಲಕ ತಂದು, ನಾನೇ ಸ್ಕ್ರೂ ತಿರುಗಿಸಿ ಕೋಣೆಯ ಬಾಗಿಲಿಗೆ ಕೂರಿಸಿದೆ. ಬೀಗ ಹಾಕಿ ಕೀಲಿಯನ್ನು ಸರಕ್ಕೆ ಪೋಣಿಸಿಕೊಳ್ಳುವಾಗ ಗಂಡ ಬಂದು ಹಿಂದೆ ನಿಂತರು.

"ನಮ್ಮನೇಲೇ ಬೀಗನಾ? ಯಾಕೆ, ನಾನೇನು ಕಳ್ಳನಾ?"

ಛೇ, ಹಾಗಲ್ಲ ಎನ್ನಬೇಕಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಂಥ ಮಾತಿಗೆ ಯಾವಾಗಲೂ ಹಾಗೇ ಅಂದಿದ್ದೆ. ಆವತ್ತು ಎಷ್ಟು ಹೊತ್ತು ನಿಂತರೂ ಬಾಯಿಗೆ ಬರಲಿಲ್ಲ.