ಚೀಟಿಯ ಕೆಳಗಿನ ಚೀಟಿ

"ನಗೇ, ದರಿದ್ರದೋಳೆ. ಹೆಣದ ಮುಂದೆ ನಿಂತೋಳ ಥರ ಮೋರೆ ಮಾಡ್ಕೊಂಡ್ರೆ ನನ್ನ ಅಂಗಡಿ ಮಾನ ಹೋಗುತ್ತೆ."

ಫೋಟೋಗೆ ನಿಲ್ಲಿಸಿ ಧಣಿ ಹೀಗೆ ಉಗಿದದ್ದು ಉಗುರಕ್ಕನಿಗೆ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ದಿನಸಿ, ಔಷಧಿಗೆ ಬೆಲೆಚೀಟಿ ಅಂಟಿಸುವ ನಮ್ಮಲ್ಲಿ ಅವಳೇ ಹಿರಿಯಳು. ಹಳೆ ಚೀಟಿ ಕೀಳಲೆಂದು ನಾವೆಲ್ಲ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದೆವು. ಅವಳಷ್ಟು ಚೊಕ್ಕವಾಗಿ ಕೀಳಲು ಯಾರಿಗೂ ಬರುತ್ತಿರಲಿಲ್ಲ.

ಅಕ್ಕಿ, ಬೇಳೆ, ಮಾತ್ರೆಗಳ ಮೇಲಿನ ತೆರಿಗೆಯನ್ನು ಸರ್ಕಾರ ಇಳಿಸಿತ್ತು. ಇಳಿದಷ್ಟನ್ನೂ ಧಣಿ ಸರಕಿನ ಅಸಲು ಬೆಲೆಗೆ ಸೇರಿಸಿದ. ಗಿರಾಕಿ ಕೊಡುವ ದುಡ್ಡು ಅಷ್ಟೇ ಉಳಿಯಿತು, ಚೀಟಿಯ ಮೇಲೆ ಮಾತ್ರ ‘ಬೆಲೆ ಇಳಿಕೆ’ ಎಂಬ ಕೆಂಪಕ್ಷರ. ಕೀಳುವುದಕ್ಕೆಲ್ಲ ಪುರುಸೊತ್ತಿಲ್ಲ, ಹಳೆಯದರ ಮೇಲೇ ಬಡಿಯಿರಿ ಅಂದ. ಬಡಿದೆವು. ಆ ಜಿಪುಣನಿಗೆ ನಮ್ಮ ಒಂದು ತಾಸಿನ ಕೂಲಿಯೂ ದುಬಾರಿ.

ಉಗುರಕ್ಕನ ಅತ್ತೆಗೆ ಉಬ್ಬಸ. ಮಾತ್ರೆಯನ್ನು ಅರ್ಧರ್ಧ ಮುರಿದು ನುಂಗಿ, ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಾಳೆ. ನಿನ್ನೆ ಆ ಅರ್ಧವೂ ಮುಗಿದಿತ್ತು. ಬೆಲೆ ಇಳಿಕೆಯ ಪ್ರಚಾರಕ್ಕೆ ತೆರಿಗೆ ಅಧಿಕಾರಿ ಬಂದು ಬಡವಳೊಬ್ಬಳಿಗೆ ದಿನಸಿ ಚೀಲ ಕೊಡುವ ಫೋಟೋ ಇದೆ, ಚೀಲದಲ್ಲಿ ಆ ಮಾತ್ರೆಯೂ ಇರುತ್ತೆ, ಎಲ್ಲ ನಿನಗೇ ಎಂದು ಧಣಿ ಆಸೆ ಹುಟ್ಟಿಸಿದ್ದ. ಬಿಟ್ಟಿ ಬಡವಳು ಅಂಗಡಿಯಲ್ಲೇ ಇರುವಾಗ ಹೊರಗೆ ಹುಡುಕುವಷ್ಟು ದಡ್ಡನಲ್ಲ ಅವನು.

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದೇ ಭಾಷಣ ಮಾಡಿದ. ಬಡವರ ಕಣ್ಣೀರು ಒರೆಸಿದ್ದೇವೆ ಅಂದ. ಒರೆಸಿಕೊಂಡದ್ದು ತನ್ನ ಬೆವರು. ಫೋಟೋಗೆ ಮಾತ್ರ ಕರವಸ್ತ್ರ ಜೇಬಿಗಿಟ್ಟು ಹಲ್ಲು ಕಿರಿದ. ಫೋಟೋ ಮುಗಿದದ್ದೇ ಧಣಿ ಚೀಲಕ್ಕೆ ಕೈ ಹಾಕಿ, ಸಾಮಾನೆಲ್ಲ ವಾಪಸ್ ಕಪಾಟಿಗಿಡು ಎಂದು ಹಲ್ಲು ಕಚ್ಚಿ ಹೇಳಿದ.

"ಬೇಳೆ ನೀವೇ ಇಟ್ಕೊಳಿ ಧಣಿ. ಅತ್ತೆಗೆ ಮಾತ್ರೆ ಒಂದು ಬಿಟ್ಬಿಡಿ."

"ನಿಮ್ಮತ್ತೆ ಉಸಿರಾಡೋದಕ್ಕೆ ನಾನ್ ದುಡ್ಡು ಸುರೀಬೇಕೇನೇ, ಬೋಳಿ? ಸಾಯ್ಲಿ ಬಿಡು, ನಿಂಗೂ ಪೀಡೆ ಕಳೆಯುತ್ತೆ."

ಉಗುರಕ್ಕ ಆಗ ನಕ್ಕಳು. ಚೀಲದಿಂದ ಮಾತ್ರೆ ಡಬ್ಬಿ ತೆಗೆದು ಅಧಿಕಾರಿಯ ಮುಂದೆ ನಿಂತಳು.

"ಸಾರ್, ಇನ್ನೊಂದ್ ಫೋಟೋ."

ಅಧಿಕಾರಿ ಮತ್ತೆ ಹಲ್ಲು ಕಿರಿದ. ಅವಳ ಉಗುರು ಡಬ್ಬಿ ಮೇಲಿನ ಚೀಟಿಯ ಮೂಲೆಗೆ ಹೋಯಿತು. ಹೊಸ ಚೀಟಿ ಹರಿಯದೆ ಎದ್ದು ಬಂತು. ಕೆಳಗೆ ಹಳೆಯದು, ಅದೇ ಬೆಲೆ. ಕಿತ್ತದ್ದನ್ನು ಅವಳು ಅಧಿಕಾರಿಯ ಎದೆಗೆ ಅಂಟಿಸಿ, ನಮಗೆ ಗೋದಾಮಿನಲ್ಲಿ ಕಲಿಸಿದಂತೆ ಅಂಗೈಯಿಂದ ತಟ್ಟಿದಳು. ಡಬ್ಬಿಯನ್ನು ಅದರ ಪಕ್ಕಕ್ಕೆ ಹಿಡಿದಳು.

"ಈಗ ತೆಗಿ," ಎಂದಳು ಫೋಟೋದವನಿಗೆ. ಅವನು ತೆಗೆದ.

ಮಾತ್ರೆ ಸೊಂಟಕ್ಕೆ ಸಿಕ್ಕಿಸಿ ಮನೆ ಕಡೆ ನಡೆದಳು. ಹಿಡಿಯಿರೇ ಅವಳನ್ನ ಎಂದು ಧಣಿ ನಮ್ಮ ಮೇಲೆ ಕೂಗಾಡಿದ. ನಾವು ಕಪಾಟುಗಳ ಮುಂದೆ ಸಾಲಾಗಿ ನಿಂತು ಹೊಸ ಚೀಟಿಗಳಿಗೆ ಉಗುರು ಹಾಕಿದೆವು.