ಆಸ್ಪತ್ರೆ ಲೈನಿನ ಭಾನುವಾರಗಳು

ಆಗ ನಮ್ಮೂರು ಕಮಗ್ವೆಯಲ್ಲಿ ಕರೆಂಟು ಹೋದರೆ ನಮ್ಮ ಬೀದಿಯ ಫ್ಯಾನುಗಳೆಲ್ಲ ಒಟ್ಟಿಗೇ ನಿಲ್ಲುತ್ತಿದ್ದವು, ಎನೈದಾಳ ಮನೆಯದೊಂದನ್ನು ಬಿಟ್ಟು. ಪಕ್ಕದ ಆಸ್ಪತ್ರೆಗೆ ಎಳೆದ ಲೈನು ಅವಳ ಮನೆಯನ್ನೂ ಹಾದು ಹೋಗಿತ್ತು. ಆಸ್ಪತ್ರೆಗೆ ಕರೆಂಟು ತೆಗೆಯುವಂತಿರಲಿಲ್ಲ, ಹಾಗಾಗಿ ಇವಳಿಗೂ ತೆಗೆಯುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಊರಿನ ಮುದಿ ಕಂಪ್ಯೂಟರುಗಳು ಹಳೇ ದುಪ್ಪಟಿ ಹೊದ್ದು, ಸೈಕಲ್ ರಿಕ್ಷಾ ಹತ್ತಿ, ಅವಳ ಊಟದ ಮೇಜಿಗೆ ಬಂದು ಕೂರುತ್ತಿದ್ದವು. ಅವುಗಳನ್ನು ನಡೆಸುವ ತಂತ್ರಾಂಶ ಲಿನಕ್ಸನ್ನು ಹೊಸದಾಗಿ ಹಾಕುವಾಗ ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಎನೈದಾ ಎಲ್ಲರಿಗೂ ಕಾಫಿ ಕೊಟ್ಟು, ಎಲ್ಲರನ್ನೂ ಬೈಯುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ಬೆಳಗುಗಳು ಮತ್ತೆ ಬರಲಿಲ್ಲ.

ನಮಗೆ ಈ ವಿದ್ಯೆ ಕಲಿಸಿದವನು ಬೆಲಾರ್ಮಿನೊ, ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಎಲೆಕ್ಟ್ರಿಷಿಯನ್. ನಮ್ಮಂಥವರಿಗೆ ಇಂಟರ್ನೆಟ್ ಎಲ್ಲಿಂದ ಬರಬೇಕು? ವರ್ಷಕ್ಕೆರಡು ಸಲ ಅವನೇ ರಾಜಧಾನಿ ಹವಾನಾಗೆ ಹೋಗಿ, ಲಿನಕ್ಸಿನ ಇಡೀ ಭಂಡಾರವನ್ನು ಒಂದು ಡಿಸ್ಕಿಗೆ ತುಂಬಿಸಿ ರೈಲಿನಲ್ಲಿ ತರುತ್ತಿದ್ದ. ದಾರಿಯುದ್ದಕ್ಕೂ ಶೌಚಕ್ಕೆ ಹೋದರೂ ಡಿಸ್ಕು ಕಂಕುಳಲ್ಲೇ ಇರುತ್ತಿತ್ತು.

ನನಗೆ ಅವನ ಪಾಠ ಒಂದೇ. "ಮರೆಲಿಸ್, ಯಂತ್ರದ ಡಿಸ್ಕಿನೊಳಗೆ ಎರಡು ಕೋಣೆ ಮಾಡು. ಒಂದ್ರಲ್ಲಿ ಲಿನಕ್ಸ್ ಇರ್ಲಿ, ಇನ್ನೊಂದ್ರಲ್ಲಿ ಜನರ ಸಾಮಾನಿರ್ಲಿ, ಅವರ ಬರಹ, ಫೋಟೊ. ಹೊಸದು ಹಾಕೋವಾಗ ಲಿನಕ್ಸಿನ ಕೋಣೆ ಮಾತ್ರ ಗುಡಿಸು." ನಾನು ನೂರಾರು ಯಂತ್ರಗಳಿಗೆ ಹಾಗೇ ಮಾಡಿದ್ದೆ. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆಂಬ ಜಂಬವೂ ಬಂದಿತ್ತು.

ಒಂದು ಭಾನುವಾರ ಎವೆಲಿಯೊ ತನ್ನ ಯಂತ್ರ ತಂದ. ಅದೇ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದವನು. ಕಾರ್ಖಾನೆಯನ್ನು ಕೆಡವಿದ ಮೇಲೆ ಅಲ್ಲಿ ದುಡಿದವರ ಪಟ್ಟಿಯೊಂದನ್ನು ಈ ಯಂತ್ರದಲ್ಲೇ ಬರೆಯುತ್ತ ಕುಳಿತಿದ್ದ. ನಾನೂರಕ್ಕೂ ಮೇಲೆ ಜನ. ಹೆಸರು, ಅಡ್ಡಹೆಸರು, ಕೆಲಸ, ಆಮೇಲೆ ಅವರದ್ದೇ ಆದ ಒಂದು ಮಾತು. ಆ ಪಟ್ಟಿಯೇ ಅವನ ಜೀವ. ಬೆಲಾರ್ಮಿನೊ ಹೆಸರು ಮಾತ್ರ ಅದರಲ್ಲಿರಲಿಲ್ಲ. ಕಾರ್ಖಾನೆ ಮುಚ್ಚಿದ ದಿನ, ಮೇಲಿನವರು ಹೇಳಿದರೆಂದು, ದೊಡ್ಡ ಸ್ವಿಚ್ಚನ್ನು ಇಳಿಸಿದವನು ಅವನೇ. ಅವತ್ತಿನಿಂದ ಹದಿನಾಲ್ಕು ವರ್ಷ ಇಬ್ಬರಿಗೂ ಮಾತಿಲ್ಲ.

"ಎನೈದಾ, ಆ ಮನುಷ್ಯಂಗೆ ಕಾಲು ಮಡಚ್ಕೊಳ್ಳೋಕೆ ಹೇಳು, ನನ್ನ ಯಂತ್ರಕ್ಕೆ ತಾಗತ್ತೆ," ಎಂದ ಎವೆಲಿಯೊ.

"ಕಾಲು ನನ್ನದು, ಮನೆ ಎನೈದಾಳದ್ದು ಅಂತ ಹೇಳು," ಎಂದ ಬೆಲಾರ್ಮಿನೊ.

"ನಾನೇನು ನಿಮ್ಮ ಟಪಾಲಿನವಳಾ? ಇಬ್ರೂ ಕಾಫಿ ಕುಡಿದು ಬಾಯ್ಮುಚ್ಕೊಂಡಿರಿ!"

ಅವರ ಜಗಳಕ್ಕೆ ನಗುತ್ತಲೇ ನಾನು ಕೆಲಸಕ್ಕಿಳಿದೆ. ಎಂಟು ವರ್ಷದ ಹಿಂದೆ ಆ ಯಂತ್ರಕ್ಕೆ ಮೊದಲ ಸಲ ಲಿನಕ್ಸ್ ಹಾಕಿದವಳು ನಾನೇ. ಕೋಣೆ ಎರಡಿರುತ್ತವೆ ಎಂದುಕೊಂಡು ಮೊದಲಿನದನ್ನು ಗುಡಿಸಿದೆ. ಹೊಸದು ಅರ್ಧ ಇಳಿದ ಮೇಲೆ ಜನರ ಕೋಣೆಯನ್ನು ಹುಡುಕಿದೆ. ಇರಲಿಲ್ಲ. ಎಂಟು ವರ್ಷದ ಹಿಂದೆ ನಾನಿನ್ನೂ ಕಲಿಯುವವಳು, ಒಂದೇ ಕೋಣೆ ಮಾಡಿ ಬಿಟ್ಟಿದ್ದೆ. ನಾನು ಗುಡಿಸಿದ್ದರಲ್ಲಿ ಅವನ ಪಟ್ಟಿಯೂ ಹೋಗಿತ್ತು.

"ಎವೆಲಿಯೊ, ಪಟ್ಟಿಯ ಇನ್ನೊಂದು ಪ್ರತಿ ಎಲ್ಲಾದ್ರೂ ಇದೆಯಾ?"

"ಅಷ್ಟು ಕಾಗದ ನಂಗೆ ಯಾರು ಕೊಡ್ತಾರೆ, ತಾಯಿ? ಇರೋದು ಅದರಲ್ಲೇ."

ಹೇಳಿಬಿಟ್ಟೆ. ಅವನು ಬೈಯಲಿಲ್ಲ, ಅದೇ ನನ್ನನ್ನು ಕೊಂದಿತು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಬೆಲಾರ್ಮಿನೊ ನನ್ನನ್ನು ಪಕ್ಕಕ್ಕೆ ತಳ್ಳಿ ಸಂಜೆಯವರೆಗೂ ಆ ಡಿಸ್ಕನ್ನು ಕೆದಕಿದ. ತನ್ನ ಹೆಸರಿಲ್ಲದ ಪಟ್ಟಿಗಾಗಿ ಅಷ್ಟು ಬೆವರು ಸುರಿಸಿದ. ಒಂದು ಅಕ್ಷರವೂ ಸಿಗಲಿಲ್ಲ.

ಮುಂದಿನ ಭಾನುವಾರ ನಾನೇ ಎವೆಲಿಯೊನ ಮನೆಗೆ ಹೋಗಿ ಕರೆತಂದೆ. "ನೀವು ಹೇಳಿ, ನಾನು ಬರೀತೀನಿ. ಎಷ್ಟು ವಾರ ಆದ್ರೂ ಸರಿ," ಎಂದೆ. ಅವನು ಹೇಳತೊಡಗಿದ. ಕಬ್ಬು ಅರೆಯುವವರು, ಪಾಕ ಕುದಿಸುವವರು, ಇಂಜಿನ್ ಓಡಿಸುವವರು. ತೂಕದ ಮನೆಯ 'ಮೂಗ' ಒಬ್ಬನೇ ದಿನವಿಡೀ ಮಾತಾಡುತ್ತಿದ್ದನಂತೆ. ನಕ್ಕೆವು, ಅತ್ತೆವು. ನಾಲ್ಕನೆಯ ಭಾನುವಾರ ಕರೆಂಟಿನ ಶಾಖೆಗೆ ಬಂದಾಗ ಎವೆಲಿಯೊ ತಡವರಿಸಿದ. ಮೂರು ಹೆಸರು ಹೇಳಿ ನಿಂತುಬಿಟ್ಟ.

"ಒಂದ್ಕಾಲದಲ್ಲಿ ಬಾಯಿಪಾಠ ಇತ್ತು," ಎಂದು ಹಣೆ ಒತ್ತಿಕೊಂಡ. "ವಯಸ್ಸಾಯ್ತು ಕಣಮ್ಮ. ಹೋಯ್ತು ಅದೆಲ್ಲ."

ಯಂತ್ರವೊಂದರ ಹಿಂದೆ ತಲೆ ಹುದುಗಿಸಿದ್ದ ಬೆಲಾರ್ಮಿನೊ ಅಲ್ಲಿಂದಲೇ ಹೇಳತೊಡಗಿದ. "ಮರೆಲಿಸ್, ಬರ್ಕೋ. ಫ್ಲೊರೆಂತಿನೊ, ಕಂಬ ಹತ್ತೋನು, ಎತ್ತರ ಕಂಡ್ರೆ ಹೆದರ್ತಿದ್ದ. ಸಿಲ್ವಿನೊ, ಮೀಟರ್ ನೋಡೋನು..." ಒಂದೊಂದಾಗಿ ಎಂಟು ಹೆಸರು ಹೇಳಿದ. ಎವೆಲಿಯೊ ಪ್ರತಿ ಹೆಸರಿಗೂ ತಲೆಯಾಡಿಸಿದ.

"ಇನ್ಯಾರಾದ್ರೂ ಇದ್ರಾ?" ಎಂದು ಕೇಳಿದೆ.

"ಇಲ್ಲ. ಅಷ್ಟೇ," ಎಂದ ಬೆಲಾರ್ಮಿನೊ.

ಎನೈದಾ ಕಾಫಿ ಸೋಸುತ್ತಿದ್ದವಳು ಕೈ ತಡೆದಳು.

"ಇನ್ನೊಬ್ಬ ಇದ್ದ," ಎಂದ ಎವೆಲಿಯೊ. "ಬರಿ. ಬೆಲಾರ್ಮಿನೊ ಅಗ್ವೇರೊ. ಎಲೆಕ್ಟ್ರಿಷಿಯನ್. ಇಪ್ಪತ್ತೊಂದು ವರ್ಷ."

"ಇಪ್ಪತ್ತೆರಡು ಕಣೋ, ಗುಮಾಸ್ತ," ಎಂದು ಯಂತ್ರದ ಹಿಂದಿನಿಂದ ದನಿ ಬಂತು. "ಬರೆಯೋದಾದ್ರೆ ಎಲ್ಲಾನೂ ಬರೆಸು. ಕೊನೇ ದಿನ ಸ್ವಿಚ್ ಇಳಿಸ್ದೋನು ನಾನೇ ಅಂತ್ಲೂ ಬರೆಸು."

ಎವೆಲಿಯೊ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ.

"ಬರಿಯಮ್ಮ," ಎಂದ ನನಗೆ. "ಕೊನೇ ದಿನ ಸ್ವಿಚ್ ಇಳಿಸ್ದ. ಇಳಿಸಿ ಗೋಡೆಗೆ ಮುಖ ಮಾಡ್ಕೊಂಡು ಅತ್ತ. ನಾನು ಬಾಗಿಲಲ್ಲೇ ನಿಂತಿದ್ದೆ. ನೋಡಿದ್ದೆ."